ಸಗ್ರಾದಾ ಫಮೀಲಿಯಾ, ಸೇಂಟ್ ಪೀಟರ್ಸ್, ನೋತ್ರ್ ದಾಮ್: ಯಾವ ಇಗರ್ಜಿಗೆ ಯಾವ ಟಿಕೆಟ್?

ನಮ್ಮ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯಿಂದ ಈಗ ಯುರೋಪಿಗೆ ಹೋಗಿಬರುವ ಅಪ್ಪ ಅಮ್ಮಂದಿರು ಜಾಸ್ತಿಯಾಗಿದ್ದಾರೆ. ಮಗ ಜರ್ಮನಿಯಲ್ಲಿ, ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ. ಅಷ್ಟು ದೂರ ಹೋದಮೇಲೆ ಬಾರ್ಸಿಲೋನಾ, ರೋಮ್, ಪ್ಯಾರಿಸ್ ನೋಡದೆ ಬರುತ್ತಾರಾ? ಅಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ದೊಡ್ಡ ಪಾಲು ಹಳೆಯ ಇಗರ್ಜಿಗಳದ್ದು. ಹೊರಡುವ ಮೊದಲು ಹೆಚ್ಚಿನವರು ಕೇಳುವ ಪ್ರಶ್ನೆಯೂ ಒಂದೇ: "ಅಲ್ಲಿ ಕ್ಯೂ ಭಾರೀ ಇರ್ತದಂತೆ, ಸ್ವಲ್ಪ ಜಾಸ್ತಿ ಕೊಟ್ಟು ಬೇಗ ಒಳಗೆ ಬಿಡುವ ಟಿಕೆಟ್ ತೆಗೆಯುವುದಾ?"

ಒಂದೊಂದು ಇಗರ್ಜಿಗೆ ಒಂದೊಂದು ಉತ್ತರ. ಟಿಕೆಟ್ ಕೌಂಟರಿನ ಕ್ಯೂ ಬೇರೆ, ಬ್ಯಾಗ್ ತಪಾಸಣೆಯ ಕ್ಯೂ ಬೇರೆ. ಮೊದಲನೆಯದನ್ನು ಮನೆಯಲ್ಲೇ ಕೂತು ಬುಕ್ ಮಾಡಿ ತಪ್ಪಿಸಬಹುದು. ನಮ್ಮ ಬೇಕಲ ಕೋಟೆಗೇ ಮೊಬೈಲಿನಲ್ಲಿ ಟಿಕೆಟ್ ತೆಗೆದರೆ ಕೌಂಟರಿನ ಎದುರು ನಿಲ್ಲಬೇಕಾಗಿಲ್ಲ, ಐದು ರೂಪಾಯಿ ಉಳಿಯುವುದು ಬೇರೆ. ಎರಡನೆಯ ಕ್ಯೂ ಮಾತ್ರ ದುಡ್ಡಿಗೆ ಬಗ್ಗುವುದು ಕಡಿಮೆ. ಅಲ್ಲಿ ನೀವು ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಜನ ದುಡ್ಡು ಕಳೆದುಕೊಳ್ಳುವುದು ಈ ಎರಡನ್ನೂ ಒಂದೇ ಅಂದುಕೊಂಡಾಗ. ಹಾಗಾಗಿ ಯಾವ ಇಗರ್ಜಿಯಲ್ಲಿ ಯಾವ ಕ್ಯೂ ಇದೆ ಅಂತ ಮೊದಲು ನೋಡಿ, ಪರ್ಸ್ ಆಮೇಲೆ ತೆಗೆಯಿರಿ.

ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ

ಇದರಿಂದಲೇ ಶುರು ಮಾಡುತ್ತೇನೆ. ಟಿಕೆಟ್ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ, ಆಯ್ಕೆಗಳೂ ಇಲ್ಲೇ ಜಾಸ್ತಿ.

1882ರಲ್ಲಿ ಅಡಿಗಲ್ಲು ಹಾಕಿದ ಇಗರ್ಜಿ ಇದು. ಮರುವರ್ಷ ವಾಸ್ತುಶಿಲ್ಪಿ ಆಂತೋನಿ ಗೌದಿ ಕೆಲಸ ವಹಿಸಿಕೊಂಡರು. 1926ರಲ್ಲಿ ಟ್ರಾಮ್ ಬಡಿದು ತೀರಿಕೊಳ್ಳುವ ತನಕ ಇದನ್ನೇ ಧ್ಯಾನಿಸಿದರು. ಅವರ ಸಮಾಧಿ ಇರುವುದೂ ಇದೇ ಇಗರ್ಜಿಯ ನೆಲಮಾಳಿಗೆಯಲ್ಲಿ. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಬಂದು ಪವಿತ್ರೀಕರಣ ಮಾಡಿ ಬಸಿಲಿಕಾ, ಅಂದರೆ ವಿಶೇಷ ಮಾನ್ಯತೆಯ ಇಗರ್ಜಿ, ಎಂದು ಘೋಷಿಸಿದರು. ವರ್ಷಕ್ಕೆ 45 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅಷ್ಟು ಜನರನ್ನು ಸುಧಾರಿಸಲು ಇಲ್ಲಿನವರು ಮಾಡಿಕೊಂಡ ದಾರಿ ಸರಳ: ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆಯಬೇಕು, ಅದರಲ್ಲಿ ಒಳಗೆ ಬರುವ ಹೊತ್ತು ಬರೆದಿರುತ್ತದೆ.

ಅಂದರೆ ಬೆಳಿಗ್ಗೆ ಬೇಗ ಹೋಗಿ ಗೇಟಿನ ಮುಂದೆ ನಿಂತರೆ ಟಿಕೆಟ್ ಸಿಗುತ್ತದೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ದಿನದ ಟಿಕೆಟ್ ಮುಗಿದಿದ್ದರೆ ಮುಗಿಯಿತು. ಬೀದಿಯಲ್ಲಿ ನಿಂತು ಗೋಪುರ ನೋಡಿ ಬರಬಹುದು, ಅಷ್ಟೇ. ಸುಮಾರು ಎರಡು ತಿಂಗಳು ಮುಂಚೆಯೇ ಟಿಕೆಟ್ ತೆರೆದಿರುತ್ತದೆ. ಬೇಸಿಗೆಯಲ್ಲಿ, ಈಸ್ಟರ್ ವಾರದಲ್ಲಿ ಒಳ್ಳೆಯ ಹೊತ್ತುಗಳು ಬೇಗ ಹೋಗಿಬಿಡುತ್ತವೆ. ನಮ್ಮಲ್ಲಿ ಮಕ್ಕಳ ಶಾಲೆಗೆ ರಜೆ ಏಪ್ರಿಲ್, ಮೇಯಲ್ಲಿ. ಈಸ್ಟರ್ ಕೂಡ ಹೆಚ್ಚಾಗಿ ಏಪ್ರಿಲಿನಲ್ಲೇ ಬೀಳುತ್ತದೆ. ಮೊಮ್ಮಕ್ಕಳ ಜೊತೆ ರಜೆಯಲ್ಲಿ ಹೋಗುವವರು ಹಾಗಾಗಿ ಮೊದಲು ಈಸ್ಟರ್ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಆ ವಾರ ಬಿಟ್ಟು ಹೋಗಲು ಆಗುವುದಾದರೆ ಬಿಟ್ಟೇಬಿಡಿ.

ಇನ್ನು ಯಾವ ಟಿಕೆಟ್? ಈಚಿನ ವರ್ಷಗಳಲ್ಲಿ ಇಗರ್ಜಿಯ ಸ್ವಂತ ಜಾಲತಾಣದಲ್ಲಿ ಮೂಲ ಟಿಕೆಟ್ 26 ಯೂರೊ, ಗೋಪುರ ಸೇರಿಸಿದರೆ 36 ಯೂರೊ ಇದೆ. ಮೂಲ ಟಿಕೆಟ್‌ನಲ್ಲೇ ಮೊಬೈಲಿನಲ್ಲಿ ಕೇಳುವ ವಿವರಣೆ ಸಿಗುತ್ತದೆ. ಅದಕ್ಕೆ ಅವರ ಆ್ಯಪ್ ಮೊದಲೇ ಇಳಿಸಿಕೊಂಡಿರಬೇಕು, ಸ್ವಂತ ಇಯರ್‌ಫೋನ್ ಇರಬೇಕು. 11 ವರ್ಷದ ಒಳಗಿನ ಮಕ್ಕಳಿಗೆ ದುಡ್ಡಿಲ್ಲ. ಹಿರಿಯರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ ಉಂಟು, ಆದರೆ ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಗೈಡ್ ಜೊತೆ ಹೋಗುವ ಟಿಕೆಟ್ ಇನ್ನೊಂದು. ಮೂಲ ಟಿಕೆಟಿಗಿಂತ ಕೆಲವೇ ಯೂರೊ ಜಾಸ್ತಿ. ಇಂಗ್ಲಿಷ್ ಕೇಳಿ ಅರ್ಥವಾಗುವವರಿಗೆ ಇದು ಒಳ್ಳೆಯ ಬಾಬತ್ತು. ನಮ್ಮ ಹಿರಿಯರು ಹೆಚ್ಚಿನವರು ಮಗನೋ ಮಗಳೋ ಪಕ್ಕದಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ್ದನ್ನೇ ಇಷ್ಟಪಡುತ್ತಾರೆ. ಅವರಿಗೆ ಮೂಲ ಟಿಕೆಟ್ ಧಾರಾಳ ಸಾಕು.

ಗೋಪುರದ ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಯೂರೊ ತಾನೆ, ಇರಲಿ ಅಂತ ತೆಗೆದುಬಿಡುತ್ತಾರೆ. ಮೇಲೆ ಹೋಗಲು ಲಿಫ್ಟ್ ಇದೆ. ಇಳಿಯಲು ಮೆಟ್ಟಿಲೇ ಗತಿ. ಆ ಮೆಟ್ಟಿಲು ಶಂಖದ ಒಳಗಿನ ಸುರುಳಿಯ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ಎದುರಿನಿಂದ ಒಬ್ಬರು ಬಂದರೆ ಜಾಗ ಬಿಡುವುದೇ ಕಷ್ಟ ಅನ್ನುವಷ್ಟು ಇಕ್ಕಟ್ಟು. ಕೂತು ಸುಧಾರಿಸಿಕೊಳ್ಳೋಣ ಅಂದರೆ ಹಿಂದೆ ಜನ ಬರುತ್ತಲೇ ಇರುತ್ತಾರೆ. ನಮ್ಮ ದೊಡ್ಡಮ್ಮ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದರು. ಕೆಳಗೆ ಬಂದಾಗ ಮೊಣಕಾಲು ನಡುಗುತ್ತಿತ್ತು. ಒಳಗಿನ ಬಣ್ಣದ ಗಾಜು ನೋಡಲು ಅವರಿಗೆ ಆಮೇಲೆ ಉತ್ಸಾಹವೇ ಉಳಿಯಲಿಲ್ಲ. ಮಂಡಿನೋವು ಇರುವವರಿಗೆ, ಎತ್ತರಕ್ಕೆ ತಲೆ ಸುತ್ತುವವರಿಗೆ ಗೋಪುರ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಆರು ವರ್ಷದ ಒಳಗಿನ ಮಕ್ಕಳನ್ನು ಗೋಪುರಕ್ಕೆ ಬಿಡುವುದೂ ಇಲ್ಲ. ಮಳೆ ಗಾಳಿ ಜೋರಿದ್ದರೆ ಗೋಪುರ ಮುಚ್ಚುತ್ತಾರೆ. ಕಾಲು ಗಟ್ಟಿ ಇರುವ ಹರೆಯದವರು ಮಾತ್ರ ಗೋಪುರದ ಟಿಕೆಟ್ ತೆಗೆದುಕೊಂಡು, ಉಳಿದವರು ಕೆಳಗೆ ಕೂತು ನೋಡಿದರೆ ಎಲ್ಲರಿಗೂ ಸುಖ.

ನಿಜ ಹೇಳಬೇಕೆಂದರೆ ಸಗ್ರಾದಾ ಫಮೀಲಿಯಾದ ಸೊಗಸು ಇರುವುದೇ ಕೆಳಗೆ, ಒಳಗೆ. ಕಂಬಗಳು ಮೇಲೆ ಹೋಗಿ ಮರದಂತೆ ಕವಲೊಡೆಯುತ್ತವೆ. ಪೂರ್ವದ ಬದಿಯ ಗಾಜಿನಲ್ಲಿ ನೀಲಿ, ಹಸಿರು. ಪಶ್ಚಿಮದ ಬದಿಯಲ್ಲಿ ಕೆಂಪು, ಕಿತ್ತಳೆ. ಬೆಳಗಿನ ಬಿಸಿಲಿಗೆ ಒಂದು ಬದಿ ಬೆಳಗಿದರೆ ಸಂಜೆಯ ಇಳಿಬಿಸಿಲಿಗೆ ಇನ್ನೊಂದು. ಹೊತ್ತು ಆರಿಸುವಾಗ ಇದನ್ನು ನೆನಪಿಡಿ. ಬೆಳಗಿನ ಮೊದಲ ಹೊತ್ತಿನಲ್ಲಿ ಜನ ಕಡಿಮೆ, ನೀಲಿ ಬೆಳಕು. ಸಂಜೆ ಹೋದರೆ ನೆಲಕ್ಕೆಲ್ಲ ಕೆಂಪು ಹರಡಿರುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಎರಡೂ ಅಷ್ಟಾಗಿ ಸಿಗುವುದಿಲ್ಲ, ಗದ್ದಲವೂ ಜಾಸ್ತಿ. ನನ್ನನ್ನು ಕೇಳಿದರೆ ಬೆಳಿಗ್ಗೆ ಒಂಬತ್ತರ ಆಸುಪಾಸಿನದೇ ಇರಲಿ. ಭಾನುವಾರ ಮಾತ್ರ ಪ್ರವಾಸಿಗರಿಗೆ ತಡವಾಗಿ ತೆರೆಯುತ್ತಾರೆ.

ಈಗ ಬೇರೆ ಜಾಲತಾಣಗಳ ಮಾತು. ಹುಡುಕಿದ ತಕ್ಷಣ ಮೇಲೆ ಬರುವುದು ಅವೇ. 'ಕ್ಯೂ ಇಲ್ಲದೆ ಪ್ರವೇಶ', 'ಆದ್ಯತೆಯ ಟಿಕೆಟ್' ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತವೆ. ಹೊತ್ತು ನಮೂದಿಸಿದ ಟಿಕೆಟ್ ಇದ್ದವರಿಗೆ ಕೌಂಟರಿನ ಕ್ಯೂ ಹೇಗೂ ಇಲ್ಲ. ಇನ್ನು ತಪ್ಪಿಸಲು ಉಳಿದಿರುವುದೇನು? ತಪಾಸಣೆ. ಅದು ಎಲ್ಲರಿಗೂ ಒಂದೇ. ನಮ್ಮ ಅಕ್ಕನ ಅತ್ತೆ ಮಾವ ಅಂಥ ಒಂದು ಕಡೆಯಿಂದ ಹೆಚ್ಚುಕಡಿಮೆ ಎರಡು ಪಟ್ಟು ಕೊಟ್ಟು ಟಿಕೆಟ್ ತೆಗೆದಿದ್ದರು. ಒಂದು ಮೂಲೆಯ ಅಂಗಡಿಯ ಎದುರು ಬಣ್ಣದ ಕೊಡೆ ಹಿಡಿದವರಿಗಾಗಿ ಕಾಯಬೇಕಿತ್ತು. ಆ ಕೊಡೆಯವರು ಬಂದದ್ದು ತಡವಾಗಿ. ಕೊನೆಗೆ ಎಲ್ಲರ ಹಾಗೆ ಅದೇ ಯಂತ್ರದಲ್ಲಿ ಬ್ಯಾಗ್ ಹಾಕಿ ಒಳಗೆ ಹೋದರು. ಇನ್ನೊಂದು ವಿಷಯವೂ ನನಗೆ ಮುಖ್ಯ ಅನ್ನಿಸುತ್ತದೆ. ಈ ಇಗರ್ಜಿ ಕಟ್ಟಿದ್ದು ಜನರ ಕಾಣಿಕೆಯಿಂದ, ಈಗ ಕೆಲಸ ಸಾಗುತ್ತಿರುವುದು ಹೆಚ್ಚಾಗಿ ಟಿಕೆಟ್ ದುಡ್ಡಿನಿಂದ. ಅವರ ಸ್ವಂತ ಜಾಲತಾಣದಲ್ಲಿ ತೆಗೆದರೆ ನಿಮ್ಮ ದುಡ್ಡು ಮಧ್ಯವರ್ತಿಗಲ್ಲ, ಇಗರ್ಜಿಗೇ ಹೋಗುತ್ತದೆ.

ಹಾಗಂತ ಹೊರಗಿನವರ ಬಳಿ ತೆಗೆಯಲೇಬಾರದು ಅಂತಲ್ಲ. ಅಧಿಕೃತ ಟಿಕೆಟ್ ಮುಗಿದು, ಊರಿನಲ್ಲಿ ಇರುವುದು ಅದೊಂದೇ ದಿನ ಅಂತಾದರೆ ಗೈಡ್ ಸೇರಿದ ಗುಂಪಿನ ಟಿಕೆಟ್ ಅವರಲ್ಲಿ ಇನ್ನೂ ಉಳಿದಿರುವುದುಂಟು. ಆಗ ಕೊಟ್ಟ ದುಡ್ಡಿಗೆ ಅರ್ಥವಿದೆ. ಸುಮ್ನೆ ಹೆದರಿ ಮೊದಲೇ ಅಲ್ಲಿಗೆ ಹೋಗಬೇಡಿ.

ಟಿಕೆಟ್ ಇಲ್ಲದೆ ಒಳಗೆ ಹೋಗುವ ದಾರಿ ಒಂದಿದೆ, ಭಾನುವಾರ ಬೆಳಿಗ್ಗೆ ಒಂಬತ್ತರ ಪೂಜೆ. ಹಲವು ಭಾಷೆಗಳಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಬರಬಹುದು. ಜಾಗ ತುಂಬಿದ ಮೇಲೆ ಬಿಡುವುದಿಲ್ಲ, ಹಾಗಾಗಿ ಸಾಕಷ್ಟು ಮೊದಲೇ ಹೋಗಿ ನಿಲ್ಲಬೇಕು. ಇದು ಪುಕ್ಕಟೆ ಪ್ರವೇಶ ಅಂತ ಹೋಗುವವರಿಗಲ್ಲ. ಪೂಜೆಯ ಹೊತ್ತಿನಲ್ಲಿ ತಿರುಗಾಡಿ ಫೋಟೋ ತೆಗೆಯಲು ಆಗುವುದಿಲ್ಲ, ತೆಗೆಯಲೂಬಾರದು. ನಮ್ಮ ಬೇಳದ ಇಗರ್ಜಿಯಲ್ಲಿ ಪೂಜೆ ನಡೆಯುವಾಗ ಯಾರಾದರೂ ಕ್ಯಾಮೆರಾ ಹಿಡಿದು ಓಡಾಡಿದರೆ ನಮಗೆ ಹೇಗೆ ಅನ್ನಿಸುತ್ತದೆ, ಅಲ್ವಾ? ಭಕ್ತಿಯಿಂದ ಹೋಗುವ ಕ್ರೈಸ್ತ ಬಂಧುಗಳಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ರೋಮಿನಲ್ಲಿ ಎರಡು ಬಾಗಿಲು, ಎರಡು ಲೆಕ್ಕ

ಸೇಂಟ್ ಪೀಟರ್ಸ್ ಬಸಿಲಿಕಾಕ್ಕೆ ಪ್ರವೇಶ ಉಚಿತ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅಲ್ಲಿನ ಬೀದಿಯಲ್ಲಿ ಟಿಕೆಟ್ ಮಾರುವವರು ನಿಮ್ಮ ಮುಖ ನೋಡಿಯೇ ಹತ್ತಿರ ಬರುತ್ತಾರೆ. ಬಸಿಲಿಕಾದ ಎದುರಿನ ಚೌಕದಲ್ಲಿ ಕಾಣುವ ಉದ್ದನೆಯ ಸಾಲು ತಪಾಸಣೆಯದು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಹೋದವರು ಸಲೀಸಾಗಿ ಒಳಗೆ ಹೋಗುತ್ತಾರೆ. ಹತ್ತರ ಮೇಲೆ ಹೋದವರು ಬಿಸಿಲಿನಲ್ಲಿ ನಿಲ್ಲುತ್ತಾರೆ. ನಮ್ಮ ಹಿರಿಯರಿಗೆ ನಸುಕಿಗೆ ಏಳುವುದು ಅಭ್ಯಾಸ. ಅಲ್ಲಿಗೆ ಹೋದ ಮೊದಮೊದಲ ದಿನಗಳಲ್ಲಿ ಊರಿನ ಹೊತ್ತಿಗೇ ಎಚ್ಚರವಾಗುವುದರಿಂದ ಇನ್ನೂ ಬೇಗ ಎದ್ದು ಕೂತಿರುತ್ತಾರೆ. ಹಾಗಾಗಿ ರೋಮ್ ತಲುಪಿದ ಮರುದಿನವೇ ಇದನ್ನು ಇಟ್ಟುಕೊಳ್ಳಿ. ಒಳಗೆ ಹೋದ ಕೂಡಲೇ ಬಲಕ್ಕೆ ಮೈಕೆಲೆಂಜೆಲೊ ಕೆತ್ತಿದ ಪಿಯೆತಾ ಎಂಬ ಶಿಲ್ಪ ಇದೆ. ಗದ್ದಲವಿಲ್ಲದ ಆ ಹೊತ್ತಿನಲ್ಲಿ ಅದರ ಮುಂದೆ ಬೇಕಾದಷ್ಟು ನಿಲ್ಲಬಹುದು.

ಬುಧವಾರ ಬೆಳಿಗ್ಗೆ ಹೋಗಬೇಡಿ. ಪೋಪ್ ಚೌಕದಲ್ಲಿ ಜನರನ್ನು ಭೇಟಿಯಾಗುವ ದಿನ ಅದು, ಬಸಿಲಿಕಾ ಮಧ್ಯಾಹ್ನದ ತನಕ ಮುಚ್ಚಿರುತ್ತದೆ. ಮೇಲಿನ ಗುಮ್ಮಟಕ್ಕೆ ಟಿಕೆಟ್ ಇದೆ. ಒಟ್ಟು 551 ಮೆಟ್ಟಿಲು. ಲಿಫ್ಟ್ ತೆಗೆದುಕೊಂಡರೂ 320 ಮೆಟ್ಟಿಲು ಹತ್ತಲೇಬೇಕು, ಕೊನೆಕೊನೆಗೆ ಗೋಡೆಯೇ ವಾಲಿಕೊಂಡಿರುತ್ತದೆ. ದೊಡ್ಡಮ್ಮನ ವಿಷಯದಲ್ಲಿ ಮೇಲೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ.

ಪಕ್ಕದ ವ್ಯಾಟಿಕನ್ ಮ್ಯೂಸಿಯಂ ಬೇರೆಯೇ ಲೆಕ್ಕ. ಮೈಕೆಲೆಂಜೆಲೊ 1508ರಿಂದ 1512ರ ತನಕ ಚಾವಣಿಗೆ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ ಇರುವುದು ಆ ಟಿಕೆಟ್ಟಿನ ಒಳಗೆ. ಬಾಗಿಲೂ ಬೇರೆ, ಚೌಕದಿಂದ ಗೋಡೆ ಸುತ್ತಿ ನಡೆಯಬೇಕು. ಎರಡೂ ಒಂದೇ ಅಂದುಕೊಂಡು ತಪ್ಪು ಸಾಲಿನಲ್ಲಿ ನಿಲ್ಲುವವರು ಬಹಳ. ಇಲ್ಲಿ ಟಿಕೆಟ್ ಕ್ಯೂ ನಿಜವಾಗಿಯೂ ಉದ್ದ, ಗೋಡೆಯ ಬುಡದಲ್ಲಿ ತುಂಬ ದೂರ ಬೆಳೆಯುತ್ತದೆ. ಅಧಿಕೃತ ಜಾಲತಾಣದಲ್ಲಿ ಬುಕ್ ಮಾಡಲು ಟಿಕೆಟ್ಟಿನ ಮೇಲೆ ಐದು ಯೂರೊ ಕೊಡಬೇಕು. ಇಡೀ ಪ್ರವಾಸದಲ್ಲಿ ಕ್ಯೂ ತಪ್ಪಿಸಲು ಕೊಡುವ ಅತಿ ಸಾರ್ಥಕ ದುಡ್ಡು ಇದೇ ಅನ್ನುತ್ತೇನೆ. ತಿಂಗಳ ಕೊನೆಯ ಭಾನುವಾರ ಇಲ್ಲಿ ಉಚಿತ ಪ್ರವೇಶ ಇದೆ ಅಂತ ಓದಿ ಖುಷಿಯಾಗುವವರಿದ್ದಾರೆ. ಆವತ್ತು ಇಡೀ ರೋಮ್ ಅಲ್ಲೇ ಇರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಆ ದಿನ ಹೋಗಬೇಡಿ.

ಗೈಡ್ ಇರುವ ಗುಂಪುಗಳಿಗೆ ಇಲ್ಲೊಂದು ನಿಜವಾದ ಅನುಕೂಲ ಇದೆ. ಸಿಸ್ಟೀನ್ ಚಾಪೆಲ್‌ನಿಂದ ಒಳದಾರಿಯಲ್ಲೇ ಬಸಿಲಿಕಾಕ್ಕೆ ಕರೆದುಕೊಂಡು ಹೋಗುವ ಗುಂಪುಗಳಿವೆ. ಚೌಕದ ತಪಾಸಣೆಯ ಸಾಲು ಆಗ ಪೂರ್ತಿ ತಪ್ಪುತ್ತದೆ. ಎರಡನ್ನೂ ಒಂದೇ ದಿನದಲ್ಲಿ ನೋಡಲೇಬೇಕಾದವರಿಗೆ ಗೈಡಿನ ದುಡ್ಡು ದಂಡವಲ್ಲ. ಬುಕ್ ಮಾಡುವಾಗ ಬಸಿಲಿಕಾ ಸೇರಿದೆಯಾ, ಒಳದಾರಿಯಿಂದಲೇ ಹೋಗುತ್ತಾರಾ ಅಂತ ಸ್ಪಷ್ಟವಾಗಿ ಕೇಳಿ.

ಪ್ಯಾರಿಸ್

2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾಗಿದ್ದ ನೋತ್ರ್ ದಾಮ್ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಪ್ರವೇಶಕ್ಕೆ ದುಡ್ಡಿಲ್ಲ. ಹೊತ್ತು ಕಾದಿರಿಸುವುದಕ್ಕೂ ದುಡ್ಡಿಲ್ಲ. ಇಗರ್ಜಿಯ ಜಾಲತಾಣದಲ್ಲಿ ಎರಡು ದಿನ ಮುಂಚಿನಿಂದ ಮಾತ್ರ ಹೊತ್ತುಗಳು ತೆರೆಯುತ್ತವೆ, ಅದೇ ದಿನವೂ ಆಗಾಗ ಖಾಲಿ ಸಿಗುತ್ತವೆ. ಹಾಗಾಗಿ ಊರಿನಿಂದಲೇ ಬುಕ್ ಮಾಡಲು ಹೊರಟು ಏನೂ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ನೋತ್ರ್ ದಾಮ್ ಪ್ರವೇಶದ ಟಿಕೆಟ್ ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ಕಾದಿರಿಸದೆ ಹೋದವರಿಗೂ ಸಾಲು ಇದೆ, ಅದು ನಿಲ್ಲದೆ ಸಾಗುತ್ತದೆ. ಗೋಪುರಕ್ಕೆ ಮಾತ್ರ ಬೇರೆ ಟಿಕೆಟ್, 424 ಮೆಟ್ಟಿಲು, ಲಿಫ್ಟ್ ಇಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು ಸೇಂಟ್ ಶಾಪೆಲ್. 1248ರಲ್ಲಿ ಪವಿತ್ರೀಕರಣವಾದ ಪುಟ್ಟ ಚಾಪೆಲ್. ಎತ್ತರೆತ್ತರದ 15 ಗಾಜಿನ ಕಿಟಕಿಗಳಲ್ಲಿ ಬೈಬಲಿನ 1113 ದೃಶ್ಯಗಳು. ಬಿಸಿಲು ಇರುವ ದಿನ ಹೋಗಿ. ಇಲ್ಲಿ ಟಿಕೆಟ್ ಬೇಕು, ಹೊತ್ತು ಕಾದಿರಿಸುವುದೂ ಬೇಕು. ಹಲವು ಜಾಗಗಳಿಗೆ ಒಟ್ಟಿಗೆ ತೆಗೆಯುವ ಪ್ಯಾರಿಸ್ ಮ್ಯೂಸಿಯಂ ಪಾಸ್ ಇದ್ದರೆ ಬೇರೆ ದುಡ್ಡು ಕೊಡಬೇಕಿಲ್ಲ, ಆದರೆ ಹೊತ್ತು ಕಾದಿರಿಸಲೇಬೇಕು. ಪಾಸ್ ಕೈಯಲ್ಲಿದೆ ಅಂತ ನೇರ ಹೋದವರು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇದು ಕೋರ್ಟಿನ ಆವರಣದ ಒಳಗೆ ಇರುವುದರಿಂದ ತಪಾಸಣೆ ಬಿಗಿ. ಹಣ್ಣು ಕತ್ತರಿಸುವ ಚಾಕು, ಕತ್ತರಿ ಬ್ಯಾಗಿನಲ್ಲಿದ್ದರೆ ರೂಮಿನಲ್ಲೇ ಬಿಟ್ಟು ಬನ್ನಿ. ಪ್ಯಾರಿಸ್‌ನಲ್ಲಿ ಅರ್ಧ ದಿನ ಮಾತ್ರ ಇರುವುದಾದರೆ ಸೇಂಟ್ ಶಾಪೆಲ್‌ಗೆ ಬೆಳಗಿನ ಹೊತ್ತು ದುಡ್ಡು ಕೊಟ್ಟು ಗಟ್ಟಿ ಮಾಡಿಕೊಳ್ಳಿ, ನೋತ್ರ್ ದಾಮ್ ಅದರ ನಂತರ ಹೇಗಾದರೂ ಆಗುತ್ತದೆ.

ಫ್ಲಾರೆನ್ಸ್‌ಗೆ ಹೋಗುವವರಿಗೆ ಒಂದೇ ಮಾತು. ಅಲ್ಲಿನ ದೊಡ್ಡ ಕೆಥೆಡ್ರಲ್ ಒಳಗೆ ಹೋಗುವುದು ಉಚಿತ, ಬ್ರುನೆಲೆಸ್ಕಿ ಕಟ್ಟಿದ ಅದರ ಗುಮ್ಮಟ ಹತ್ತುವುದಕ್ಕೆ ಹೊತ್ತು ನಮೂದಿಸಿದ ಪಾಸ್ ಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಹತ್ತದವರು ಆ ಪಾಸ್ ತೆಗೆಯಬೇಡಿ.

ದುಡ್ಡು ಕಟ್ಟುವುದು, ಟಿಕೆಟ್ ಹಿಡಿಯುವುದು

ಮೊದಲು ವೀಸಾ ಕೈಗೆ ಬರಲಿ, ಆಮೇಲೆ ಟಿಕೆಟ್. ವೀಸಾ ತಡವಾದರೆ ಇಗರ್ಜಿಯವರು ದಿನ ಬದಲಿಸಿ ಕೊಡುತ್ತಾರೆ ಅಂತ ನಂಬಿಕೊಂಡು ಕೂರಬೇಡಿ. ವಾಪಸಾತಿಯ ನಿಯಮ ಓದಿಯೇ ದುಡ್ಡು ಕಟ್ಟಿ.

ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶೀ ವ್ಯವಹಾರ ಹೆಚ್ಚಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿಕೊಂಡು, ಟಿಕೆಟ್ ತೆಗೆದ ಮೇಲೆ ಮತ್ತೆ ಮುಚ್ಚಿ. ಯೂರೊದಿಂದ ರೂಪಾಯಿಗೆ ಬದಲಿಸುವಾಗ ಬ್ಯಾಂಕ್ ತನ್ನ ಪಾಲು ಸೇರಿಸುತ್ತದೆ, 26 ಯೂರೊ ಅಂದರೆ ಆ ದಿನದ ದರಕ್ಕಿಂತ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಊರಿನಲ್ಲಿ ಇರುವಾಗಲೇ ತೆಗೆಯಿರಿ. ಅಲ್ಲಿಗೆ ಹೋಗಿ ಸಿಮ್ ಬದಲಿಸಿದ ಮೇಲೆ ಓಟಿಪಿ ಬರುವುದು ಊರಿನ ನಂಬರಿಗೆ. ಹೊರದೇಶದಲ್ಲಿರುವ ಮಕ್ಕಳು ಅಲ್ಲಿನ ಕಾರ್ಡಿನಲ್ಲೇ ತೆಗೆದುಕೊಟ್ಟರೆ ಈ ತಲೆನೋವು ಯಾವುದೂ ಇಲ್ಲ, ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹಾಕಲು ಹೇಳಿ. ಹೊತ್ತು ನೋಡುವಾಗ ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಟಿಕೆಟ್ ಪಿಡಿಎಫ್ ಆಗಿ ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕ್ಯೂಆರ್ ಕೋಡ್. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಜೊತೆಗೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಒಂದು ಪ್ರಿಂಟ್ ತೆಗೆಸಿ ಅಮ್ಮನ ಕೈಚೀಲದಲ್ಲೇ ಹಾಕಿ. ಗೇಟಿನಲ್ಲಿ ಚಾರ್ಜ್ ಮುಗಿದ ಮೊಬೈಲ್ ಹಿಡಿದು ನಿಲ್ಲುವ ಕಷ್ಟ ತಪ್ಪುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮವರಿಗೆ ತೊಂದರೆ ಇಲ್ಲ. ಸೀರೆ, ಚೂಡಿದಾರ, ಪ್ಯಾಂಟ್ ಎಲ್ಲ ಆಗುತ್ತದೆ. ತೋಳಿಲ್ಲದ ಟೀ ಶರ್ಟ್, ಚಿಕ್ಕ ಚಡ್ಡಿ ಹಾಕಿದ ಹುಡುಗರನ್ನು ಬಾಗಿಲಲ್ಲೇ ತಡೆಯುತ್ತಾರೆ, ರೋಮಿನಲ್ಲಿ ಇನ್ನೂ ಕಟ್ಟುನಿಟ್ಟು. ಗಂಡಸರು ಒಳಗೆ ಟೋಪಿ ತೆಗೆಯಬೇಕು. ದೊಡ್ಡ ಬ್ಯಾಗ್ ಬೇಡವೇ ಬೇಡ. ಸಣ್ಣ ಕೈಚೀಲ ಇದ್ದವರು ತಪಾಸಣೆಯಲ್ಲಿ ಬೇಗ ದಾಟುತ್ತಾರೆ. ಗಾಲಿಕುರ್ಚಿ ಬೇಕಾದವರು ಟಿಕೆಟ್ ತೆಗೆಯುವಾಗಲೇ ಅದನ್ನು ತಿಳಿಸಿ, ಅವರಿಗೂ ಜೊತೆಗೆ ಇರುವ ಒಬ್ಬರಿಗೂ ಈ ಇಗರ್ಜಿಗಳಲ್ಲಿ ಹಲವು ಕಡೆ ಬೇರೆ ದಾರಿ ಮಾಡಿಕೊಡುತ್ತಾರೆ.

ಇಷ್ಟು ದೂರ ಹೋಗಲು ಆಗದವರಿಗೆ ಗೋವಾದ ಬಾಮ್ ಜೀಸಸ್ ಬಸಿಲಿಕಾ ಇದೆ. ಕಾಸರಗೋಡಿನಿಂದ ಕೊಂಕಣ ರೈಲು ಹಿಡಿದು ಕರಮಳಿಯಲ್ಲಿ ಇಳಿದರೆ ಹಳೇ ಗೋವಾ ಪಕ್ಕದಲ್ಲೇ. 1605ರಲ್ಲಿ ಕಟ್ಟಿ ಮುಗಿದ ಇಗರ್ಜಿ, ಪ್ರವೇಶ ಉಚಿತ, ಸೇಂಟ್ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರ ಇರುವುದು ಇಲ್ಲೇ. ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನ 2025ರ ಜನವರಿ 5ಕ್ಕೆ ಮುಗಿದಿದೆ, ಹಾಗಾಗಿ ಆ ಮಟ್ಟದ ಜನಸಂದಣಿ ಸದ್ಯಕ್ಕಿಲ್ಲ. ಡಿಸೆಂಬರ್ 3ರ ಹಬ್ಬದ ದಿನಗಳನ್ನೂ ಕ್ರಿಸ್ಮಸ್ ರಜೆಯನ್ನೂ ಬಿಟ್ಟು, ವಾರದ ಮಧ್ಯದ ಒಂದು ಬೆಳಿಗ್ಗೆ ಹೋಗಿ.